ಕೆಜಿಎಫ್ ಫುಟೇಜ್ ಹಿಡಿದು ರೆಸಿಡೆನ್ಸಿಗೆ ಹೋದಾಗ

ಕೋಲಾರದ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಆಮೇಲೆ ಅಲ್ಲಿನ ಕಾರ್ಮಿಕರ ಮನೆಗಳು ಹೇಗೆ ನಡೆಯುತ್ತಿವೆ ಅನ್ನೋದರ ಬಗ್ಗೆ ನಾನು ಸಾಕ್ಷ್ಯಚಿತ್ರ ಮಾಡುತ್ತಿದ್ದೇನೆ. ಶೂಟಿಂಗಿಗೆ ಹೇಗೋ ದುಡ್ಡು ಹೊಂದಿಸಬಹುದು. ಕಷ್ಟ ಶುರುವಾಗುವುದು ಅದು ಮುಗಿದ ಮೇಲೆ. ಜನ ಮನಸ್ಸು ಬಿಚ್ಚಿ ಆಡಿದ ಮಾತೆಲ್ಲ ಹಾರ್ಡ್ ಡಿಸ್ಕಿನಲ್ಲಿ ಬಿದ್ದಿರುತ್ತದೆ. ನಾವು ಹೊಟ್ಟೆಪಾಡಿಗೆ ಮದುವೆ ವಿಡಿಯೋ ಎಡಿಟ್ ಮಾಡುತ್ತಿರುತ್ತೇವೆ.

ರೆಸಿಡೆನ್ಸಿ ಕೆಲಸಕ್ಕೆ ಬರುವುದು ಇಲ್ಲೇ. ಕಲಾವಿದರಿಗೆ, ಬರಹಗಾರರಿಗೆ ಕೆಲವು ವಾರ ಇರಲು ಜಾಗ, ಊಟ, ಕೆಲಸಕ್ಕೊಂದು ಕೋಣೆ, ಕೆಲವು ಕಡೆ ಒಂದಿಷ್ಟು ಹಣ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ 1907ರಿಂದ ನಡೆಯುತ್ತಿರುವ ಇಂಥ ರೆಸಿಡೆನ್ಸಿ ಮ್ಯಾಕ್‌ಡೊವೆಲ್‌ನಲ್ಲಿ ಮಧ್ಯಾಹ್ನದ ಊಟವನ್ನು ಬುಟ್ಟಿಯಲ್ಲಿ ತಂದು ಬಾಗಿಲಲ್ಲಿಟ್ಟು ಹೋಗುತ್ತಾರೆ, ಕೆಲಸ ಕೆಡಬಾರದು ಅಂತ. ಜಪಾನಿನ ಯಮಗಾಟಾದಲ್ಲಿ 2018ರಿಂದ ಸಾಕ್ಷ್ಯಚಿತ್ರದವರಿಗಾಗಿಯೇ ಒಂದು ರೆಸಿಡೆನ್ಸಿ ಇದೆ. ಬಿಸಿನೀರಿನ ಬುಗ್ಗೆಗಳಿರುವ ಒಂದು ಹಳ್ಳಿಯಲ್ಲಿ ಉಳಿದು, ಅರ್ಧ ಮುಗಿದ ಸಿನಿಮಾದ ಬಗ್ಗೆ ಯೋಚಿಸಲು ಬಿಡುತ್ತಾರೆ. ನಾನು ಹೋದದ್ದು ಇಷ್ಟು ಹೆಸರು ಮಾಡಿದ್ದಕ್ಕಲ್ಲ. ಘಟ್ಟದ ಕೆಳಗಿನ ಹಳೇ ಮನೆಯೊಂದರಲ್ಲಿ ನಡೆಯುವ ಪುಟ್ಟ ರೆಸಿಡೆನ್ಸಿಗೆ.

ಅರ್ಜಿಯಲ್ಲಿ ನಾನು ‘ಸಿನಿಮಾ ಮುಗಿಸುತ್ತೇನೆ’ ಅಂತ ಬರೆಯಲಿಲ್ಲ. ಎಲ್ಲ ಸಂದರ್ಶನಗಳನ್ನೂ ಅಕ್ಷರಕ್ಕೆ ಇಳಿಸಿ, ಅದರಿಂದ ಕಾಗದದ ಮೇಲೊಂದು ಕಟ್ ಮಾಡುತ್ತೇನೆ, ಅಂದರೆ ಯಾವ ಮಾತಿನ ನಂತರ ಯಾವ ಮಾತು ಅಂತ ಬರೆದು ಜೋಡಿಸುತ್ತೇನೆ, ಅಷ್ಟೇ ಅಂದೆ. ಸ್ಯಾಂಪಲ್ ಆಗಿ ಸಂಗೀತ ಹಾಕಿದ ಟ್ರೇಲರ್ ಬದಲು ಒಂದು ಉದ್ದನೆಯ ದೃಶ್ಯವನ್ನು ಕತ್ತರಿಸದೆ, ಸಬ್‌ಟೈಟಲ್ ಹಾಕಿ ಕಳಿಸಿದೆ. ನಾನು ಜನರ ಎದುರು ಹೇಗೆ ಕೂರುತ್ತೇನೆ, ಎಲ್ಲಿ ಸುಮ್ಮನಿರುತ್ತೇನೆ ಅನ್ನೋದು ಆಯ್ಕೆ ಮಾಡುವವರಿಗೆ ಕಾಣಬೇಕಿತ್ತು. ಇಂಗ್ಲಿಷಿನಲ್ಲಿ ಬರೆಯಬೇಕಲ್ಲ ಅಂತ ಹಿಂಜರಿಯುವವರಿಗೆ ಒಂದು ಮಾತು: ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಕೊಡುವುದು ರೆಸಿಡೆನ್ಸಿಯಲ್ಲ, ಅನುದಾನ. ಆದರೆ ಅವರಿಗೆ ಕನ್ನಡದಲ್ಲೇ ಅರ್ಜಿ ಬರೆಯಬಹುದು.

ಬಜೆಟ್‌ನಲ್ಲಿ ನಾನು ಪಟ್ಟು ಹಿಡಿದು ಕೇಳಿದ್ದು ಎರಡು. ಒಂದು, ಫುಟೇಜ್‌ನಲ್ಲಿರುವ ತಮಿಳು ಮಾತಿನ ಅನುವಾದಕ್ಕೆ ಕೆಜಿಎಫ್‌ನವರೇ ಒಬ್ಬರು ಬಂದು ನನ್ನ ಜೊತೆ ಇರಲು ಖರ್ಚು. ಇನ್ನೊಂದು, ಮೊದಲ ಕಟ್ ಆದಮೇಲೆ ಅಲ್ಲಿಗೆ ಹೋಗಿ ತೋರಿಸಿ ಬರುವ ಖರ್ಚು. ಎರಡನ್ನೂ ಒಪ್ಪಿದರು.

ಬಂದವಳು ಗಣಿ ಕಾರ್ಮಿಕರ ಲೈನ್ ಮನೆಯಲ್ಲೇ ಬೆಳೆದ ಹುಡುಗಿ. ‘ಅಣ್ಣಾ, ಇದನ್ನ ಇನ್ನೊಂದು ಸಲ ಹಾಕಿ’ ಅಂತ ಒಂದೇ ತುಣುಕನ್ನು ಮತ್ತೆ ಮತ್ತೆ ಕೇಳುತ್ತಿದ್ದಳು. ಅವಳು ಹೇಳಿದ್ದನ್ನು ಟೈಮ್‌ಕೋಡ್ (ವಿಡಿಯೋದಲ್ಲಿ ಆ ಮಾತು ಬರುವ ನಿಮಿಷ, ಸೆಕೆಂಡು) ಸಮೇತ ಬರೆದುಕೊಳ್ಳುತ್ತಿದ್ದೆ. ಒಂದು ಮಾತಿಗೆ ಒಂದು ಚೀಟಿ, ಚೀಟಿಗಳೆಲ್ಲ ಗೋಡೆಗೆ. ಬೇಸರದ ಕೆಲಸ, ನಿಜ. ಆದರೆ ನನ್ನ ಸಿನಿಮಾ ಬದಲಾದದ್ದು ಆ ಗೋಡೆಯ ಮುಂದೆ.

ನನ್ನ ಟ್ರೀಟ್‌ಮೆಂಟಿನಲ್ಲಿ, ಅಂದರೆ ಸಿನಿಮಾ ಹೇಗಿರಬೇಕು ಅಂತ ಮೊದಲೇ ಬರೆದಿಟ್ಟ ಟಿಪ್ಪಣಿಯಲ್ಲಿ, ಗಣಿಯೇ ದೊಡ್ಡದಾಗಿತ್ತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಬಂದದ್ದು, ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದದ್ದು, ಗಾಳಿ ಎದ್ದಾಗ ಚಿನ್ನ ತೆಗೆದು ಉಳಿದ ಮಣ್ಣಿನ ರಾಶಿಯ, ಅಂದರೆ ಸೈನೈಡ್ ಗುಡ್ಡದ ಧೂಳು ಮನೆಯೊಳಗೆ ಬರುವುದು. ಚೀಟಿಗಳನ್ನು ಜೋಡಿಸಿದರೆ ಹೆಂಗಸರು ಜಾಸ್ತಿ ಮಾತಾಡಿದ್ದು ರೈಲಿನ ಬಗ್ಗೆ. ಕೆಜಿಎಫ್‌ನ ಮಾರಿಕುಪ್ಪಂ ನಿಲ್ದಾಣದಿಂದ ಬೆಂಗಳೂರಿಗೆ ನಸುಕಿನಲ್ಲೇ ಹೊರಡುವ ರೈಲು. ಅದು ತಪ್ಪಿದರೆ ಅವತ್ತಿನ ಸಂಬಳ ಹೋಯಿತು. ಅಡುಗೆ ಎಷ್ಟೊತ್ತಿಗೆ, ಮಕ್ಕಳನ್ನು ಯಾರು ಎಬ್ಬಿಸುವುದು, ಎಲ್ಲವನ್ನೂ ಆ ರೈಲೇ ತೀರ್ಮಾನಿಸುತ್ತದೆ. ಗಣಿ ಮುಚ್ಚಿದ್ದರ ನಿಜವಾದ ಬೆಲೆ ಅಲ್ಲಿತ್ತು. ಶೂಟಿಂಗ್ ಮಾಡುವಾಗಲೂ ಈ ಮಾತೆಲ್ಲ ಕೇಳಿದ್ದೆ. ಆದರೆ ಹತ್ತಾರು ಜನರ ಮಾತನ್ನು ಒಟ್ಟಿಗೆ ಇಟ್ಟು ನೋಡಲು ಬಿಡುವು ಬೇಕು. ಬಾಡಿಗೆ, ಕರೆಂಟ್ ಬಿಲ್ಲಿನ ಚಿಂತೆಯ ನಡುವೆ ಆ ಬಿಡುವು ಸಿಗುವುದಿಲ್ಲ. ಈಗ ಸಿನಿಮಾ ರೈಲಿನಿಂದಲೇ ಶುರುವಾಗುತ್ತದೆ. ಗಣಿಯ ಇತಿಹಾಸ ಕೆಲವೇ ನಿಮಿಷ.

ಜೊತೆಗಿದ್ದ ಚಿತ್ರಕಾರರು, ಕವಿಗಳು ರಾತ್ರಿ ಊಟದ ಹೊತ್ತಿಗೆ ಕೇಳಿದ ಪ್ರಶ್ನೆಗಳೂ ಉಪಯೋಗಕ್ಕೆ ಬಂದವು.

ಕೊನೆಯಲ್ಲಿ ಒಂದು ತಕರಾರು ಬಂತು. ಹೊರಡುವ ಮೊದಲು ಊರವರನ್ನೆಲ್ಲ ಕರೆದು ಕೆಲಸ ತೋರಿಸುವುದು ಅಲ್ಲಿನ ಪದ್ಧತಿ. ನನ್ನ ಫುಟೇಜ್‌ನಲ್ಲಿ ಸಾಲದ ಬಗ್ಗೆ, ಗಂಡನ ಕುಡಿತದ ಬಗ್ಗೆ ಅಳುತ್ತಾ ಹೇಳಿದವರಿದ್ದಾರೆ. ಅವರೇ ಇನ್ನೂ ನೋಡಿಲ್ಲ, ಬೇರೆಯವರಿಗೆ ಹೇಗೆ ತೋರಿಸಲಿ? ಮುಖ ಕಾಣದ ರೈಲಿನ ದೃಶ್ಯ, ಗೋಡೆಯ ಚೀಟಿಗಳನ್ನು ಮಾತ್ರ ತೋರಿಸಿದೆ. ಆಮೇಲೆ ಕೆಜಿಎಫ್‌ಗೆ ಹೋಗಿ ಮೊದಲ ಕಟ್ ಹಾಕಿದಾಗ ಒಬ್ಬ ತಾಯಿ, ‘ಮಗಳಿಗೆ ಗಂಡು ನೋಡ್ತಿದ್ದೀವಪ್ಪ, ಸಾಲದ ಮಾತು ಬೇಡ’ ಅಂದರು. ತೆಗೆದೆ. ಚಿತ್ರದ ಗಟ್ಟಿ ದೃಶ್ಯಗಳಲ್ಲಿ ಅದೊಂದು. ಆದರೆ ಅವರ ಮನೆ ಮಾತು ಅವರದ್ದು.

ಹಾಗಾಗಿ ಈಗ ಎಲ್ಲೇ ಅರ್ಜಿ ಹಾಕುವ ಮೊದಲೂ ಕೇಳಿಕೊಳ್ಳುತ್ತೇನೆ: ಫುಟೇಜ್ ಹಕ್ಕು ಯಾರದು? ಸಾರ್ವಜನಿಕವಾಗಿ ತೋರಿಸಲೇಬೇಕಾ? ಚಿತ್ರದಲ್ಲಿರುವವರು ಬೇಡ ಅಂದ ದೃಶ್ಯ ತೆಗೆದರೆ ನಿಮ್ಮ ಒಪ್ಪಿಗೆ ಇದೆಯಾ? ಇದಕ್ಕೆ ಬರವಣಿಗೆಯಲ್ಲಿ ಉತ್ತರ ಕೊಡದ ಕಡೆ ನಾನು ಹೋಗುವುದಿಲ್ಲ.