ದುಬೈ, ಶಾರ್ಜಾಕ್ಕೆ ಹೊಸದಾಗಿ ಬಂದವರಿಗೆ: ಕಾನ್ಸುಲೇಟ್ ಯಾವಾಗ ಬೇಕು?

ಊರಿಂದ ಹೊಸದಾಗಿ ಬಂದ ನಮ್ಮ ಹುಡುಗರಿಗೆ ಕಾನ್ಸುಲೇಟ್ (ಇಲ್ಲಿರುವ ಭಾರತ ಸರ್ಕಾರದ ಕಚೇರಿ) ಅಂದರೆ ಪಾಸ್‌ಪೋರ್ಟ್ ರಿನೀವಲ್, ಅಷ್ಟೇ. ಆ ಅರ್ಜಿಯನ್ನು ಈಗ ಗುತ್ತಿಗೆ ಕಂಪನಿಯ ಕೌಂಟರಿನಲ್ಲೇ ಕೊಡುತ್ತೇವೆ. ಕಾನ್ಸುಲೇಟಿನ ಬೆಲೆ ತಿಳಿಯುವುದು ಸಂಬಳ ನಿಂತಾಗ, ಪೊಲೀಸರು ಹಿಡಿದಾಗ, ರೂಮಿನಲ್ಲಿ ಜೊತೆಗಿದ್ದವನು ತೀರಿಕೊಂಡಾಗ. ಆಗ ಓಡಾಡುವ ಬದಲು ಈಗಲೇ ತಿಳಿದುಕೊಳ್ಳಿ.

ನೀವು ಅಬುಧಾಬಿ, ಅಲ್ ಐನ್ ಕಡೆ ಇದ್ದರೆ ಅಬುಧಾಬಿಯ ರಾಯಭಾರ ಕಚೇರಿ. ದುಬೈ, ಶಾರ್ಜಾ, ಅಜ್ಮಾನ್, ರಾಸ್ ಅಲ್ ಖೈಮಾ, ಫುಜೈರಾ, ಉಮ್ ಅಲ್ ಕ್ವೈನ್‌ನವರಿಗೆ ದುಬೈ ಕಾನ್ಸುಲೇಟ್. ಫೋನಿನಲ್ಲಿ ಒಂದು ನಂಬರ್ ಸೇವ್ ಮಾಡಿಕೊಳ್ಳಿ: 800 46342. ಇದು ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ್ದು, ಉಚಿತ ಕರೆ.

ಹೆಚ್ಚು ಬರುವ ತೊಂದರೆ ಸಂಬಳದ್ದು. ಕಾನ್ಸುಲೇಟ್ ಕೋರ್ಟ್ ಅಲ್ಲ, ಕಂಪನಿಗೆ ಆರ್ಡರ್ ಮಾಡುವ ಅಧಿಕಾರ ಅದಕ್ಕಿಲ್ಲ. ದೂರು ಕೊಡಬೇಕಾದ್ದು ಇಲ್ಲಿನ ಕಾರ್ಮಿಕ ಸಚಿವಾಲಯಕ್ಕೆ, ನಾವೆಲ್ಲ ಮೊಹ್ರೆ ಅನ್ನುತ್ತೇವಲ್ಲ, ಅದಕ್ಕೆ. ಆದರೆ ಹೇಗೆ ಕೊಡಬೇಕು, ಯಾವ ಕಾಗದ ಬೇಕು ಅಂತ ಸಹಾಯತಾ ಕೇಂದ್ರದವರು ಹೇಳುತ್ತಾರೆ, ವಕೀಲರ ಸಲಹೆಯೂ ಸಿಗುತ್ತದೆ. ದಯವಿಟ್ಟು ಸುಮ್ನೆ ಕೆಲಸ ಬಿಟ್ಟು ಬೇರೆ ಕಡೆ ಓಡಿಹೋಗಬೇಡಿ. ಕಂಪನಿ ಅಬ್‌ಸ್ಕಾಂಡಿಂಗ್ ಕೇಸ್ ಹಾಕಿದರೆ ನಿಮ್ಮದೇ ನ್ಯಾಯವಾದ ದೂರು ಹಿಂದೆ ಬೀಳುತ್ತದೆ. ಪಾಸ್‌ಪೋರ್ಟ್ ಕಂಪನಿ ಇಟ್ಟುಕೊಳ್ಳುವುದು ಇಲ್ಲಿನ ಕಾನೂನಿಗೂ ವಿರುದ್ಧ. ಕೊಡಿ ಅಂತ ಕೇಳಲು ಹೆದರಬೇಡಿ.

ಪೊಲೀಸರು ಹಿಡಿದರೆ? ಕಾನ್ಸುಲೇಟುಗಳ ಬಗ್ಗೆ ದೇಶಗಳು ಮಾಡಿಕೊಂಡ 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯಲ್ಲಿ ನಿಮಗೆ ಒಂದು ಹಕ್ಕಿದೆ. ನೀವು ಕೇಳಿದರೆ ಅವರು ನಿಮ್ಮ ಕಾನ್ಸುಲೇಟಿಗೆ ಸುದ್ದಿ ಮುಟ್ಟಿಸಬೇಕು. ಬಾಯಿಬಿಟ್ಟು ಕೇಳಬೇಕು, ಅದೇ ಮುಖ್ಯ. ಅಧಿಕಾರಿಗಳು ಜೈಲಿಗೆ ಬಂದು ನೋಡಬಹುದು, ಮನೆಯವರಿಗೆ ತಿಳಿಸಬಹುದು, ವಕೀಲರನ್ನು ತೋರಿಸಬಹುದು. ಬಿಡಿಸಿ ತರುವುದು ಅವರ ಕೈಯಲ್ಲಿಲ್ಲ. ಸಾಲ ತೀರಿಸುವುದೂ ಇಲ್ಲ. ಒಳಗಿರುವವನಿಗೆ ಫೋನ್ ಸಿಗದಿದ್ದರೆ ಊರಿನಲ್ಲಿರುವ ಅಣ್ಣನೋ ಹೆಂಡತಿಯೋ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲಿನಲ್ಲಿ ದೂರು ಹಾಕಬಹುದು. 2015ರಿಂದ ಇದೆ, ಆದರೂ ಎಷ್ಟೋ ಮನೆಗಳಿಗೆ ಇದರ ಸುದ್ದಿಯೇ ಗೊತ್ತಿಲ್ಲ. ಇವತ್ತೇ ಮನೆಗೆ ಹೇಳಿಡಿ. ಪಾಸ್‌ಪೋರ್ಟ್, ವೀಸಾ, ಕೆಲಸದ ಕರಾರಿನ ಫೋಟೋ ಕೂಡ ಅವರ ಫೋನಿನಲ್ಲಿ ಇರಲಿ.

ಸಾವಿನ ವಿಷಯ ಮಾತಾಡಲು ಯಾರಿಗೂ ಇಷ್ಟವಿಲ್ಲ, ಆದರೆ ಲೇಬರ್ ಕ್ಯಾಂಪಿನಲ್ಲಿ ಇದು ಬಂದೇ ಬರುತ್ತದೆ. ಶವ ಮಂಗಳೂರಿಗೋ ಬೆಂಗಳೂರಿಗೋ ಹೋಗಬೇಕಾದರೆ ಇಲ್ಲಿನ ಮರಣ ಪ್ರಮಾಣಪತ್ರದ ಜೊತೆ ಕಾನ್ಸುಲೇಟಿನ ಎನ್‌ಓಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ, ಬೇಕು. ತೀರಿಕೊಂಡವರ ಪಾಸ್‌ಪೋರ್ಟ್ ಅಲ್ಲೇ ರದ್ದಾಗುತ್ತದೆ. ಖರ್ಚನ್ನು ಕಂಪನಿಯಾಗಲಿ ವಿಮೆಯಾಗಲಿ ಹೊರದಿದ್ದರೆ, ಮನೆಯವರಿಗೂ ಶಕ್ತಿ ಇಲ್ಲದಿದ್ದರೆ, ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ಕೇಳಬಹುದು. 2009ರಲ್ಲಿ ಶುರುವಾದ ನಿಧಿ ಇದು. ಕಷ್ಟದಲ್ಲಿರುವವರ ಊಟ, ವಸತಿ, ಊರಿಗೆ ಟಿಕೆಟ್, ತುರ್ತು ಚಿಕಿತ್ಸೆಗೂ ಆಗುತ್ತದೆ. ಪಾಸ್‌ಪೋರ್ಟ್ ಕೆಲಸಕ್ಕೆ ನಾವು ಕಟ್ಟುವ ಹಣದಲ್ಲೇ ಒಂದು ಸಣ್ಣ ಪಾಲು ಇದಕ್ಕೆ ಹೋಗುತ್ತದೆ. ಇದು ಭಿಕ್ಷೆಯಲ್ಲ, ಸಂಕೋಚ ಯಾಕೆ?

ಯುದ್ಧ, ಗಲಭೆ ಬಂದರೆ ಕಚೇರಿಗೆ ಬೇಕಾದ್ದು ನೀವು ಯಾರು, ಎಲ್ಲಿದ್ದೀರಿ ಅನ್ನುವ ಮಾಹಿತಿ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ನಮ್ಮ ಹಕ್ಕಿಪಿಕ್ಕಿ ಜನ ಸಿಕ್ಕಿಬಿದ್ದರು ಅಲ್ವಾ? ಆಪರೇಷನ್ ಕಾವೇರಿಯಲ್ಲಿ ಭಾರತೀಯರನ್ನು ಪೋರ್ಟ್ ಸುಡಾನ್‌ನಿಂದ ಜೆಡ್ಡಾಕ್ಕೆ, ಅಲ್ಲಿಂದ ದೇಶಕ್ಕೆ ಕರೆತಂದರು. ಹಾಗಾಗಿ ಕಾನ್ಸುಲೇಟ್ ಯಾವಾಗ ಹೆಸರು ನೋಂದಾಯಿಸಿ ಅಂದರೂ ತಡಮಾಡಬೇಡಿ.

ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸ್ ರಿಪೋರ್ಟ್. ತುರ್ತಾಗಿ ಊರಿಗೆ ಹೋಗಲೇಬೇಕಾದರೆ ಎಮರ್ಜೆನ್ಸಿ ಸರ್ಟಿಫಿಕೇಟ್ ಸಿಗುತ್ತದೆ. ಅದು ಭಾರತಕ್ಕೆ ಹೋಗಲು ಮಾತ್ರ, ವಾಪಸ್ ಬರಲು ಅಲ್ಲ.

ಸಂಸಾರ ಕರೆಸಿಕೊಂಡವರು ಇದನ್ನೂ ನೆನಪಿಡಿ. ಇಲ್ಲಿ ಮಗು ಹುಟ್ಟಿದರೆ ಒಂದು ವರ್ಷದೊಳಗೆ ಕಾನ್ಸುಲೇಟಿನಲ್ಲಿ ಜನನ ನೋಂದಣಿ ಆಗಬೇಕು. ಅದರ ಮೇಲೆಯೇ ಮಗುವಿನ ಭಾರತದ ಪೌರತ್ವ ನಿಂತಿದೆ. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕಾಗುತ್ತದೆ. ಆಸ್ಪತ್ರೆಯ ಕಾಗದ ಕೈಗೆ ಬಂದ ವಾರವೇ ಕೆಲಸ ಶುರುಮಾಡಿ.