ಡಿಸೆಂಬರ್‌ನಲ್ಲಿ ಚೆನ್ನೈಗೆ ಹೋದರೆ ಹಗಲನ್ನು ಹಾಳು ಮಾಡಬೇಡಿ

ಸಂಗೀತ ಸೀಸನ್, ಅಂದರೆ ಡಿಸೆಂಬರಿನ ಕರ್ನಾಟಕ ಸಂಗೀತ ಕಾರ್ಯಕ್ರಮಗಳ ಸಾಲು, ಅಂತ ಚೆನ್ನೈಗೆ ಹೋಗುವ ನಮ್ಮ ಕಡೆಯವರು ಸಾಮಾನ್ಯವಾಗಿ ಮಾಡುವುದು ಇಷ್ಟು. ದೊಡ್ಡ ಹೆಸರಿನ ಗಾಯಕರ ಸಂಜೆಯ ಸಂಗೀತ ಕಚೇರಿಗೆ ಟಿಕೆಟ್ ಹುಡುಕುತ್ತಾರೆ. ಸಿಗುವುದಿಲ್ಲ, ಸಿಕ್ಕರೂ ಕೊನೇ ಸಾಲು. ಹಗಲೆಲ್ಲ ಟಿ. ನಗರದ ಸೀರೆ ಅಂಗಡಿಗಳನ್ನು ಸುತ್ತಿ, ಸುಸ್ತಾಗಿ, ಏಳು ಗಂಟೆಗೆ ಏಸಿ ಹಾಲ್‌ನಲ್ಲಿ ಕೂತು ತೂಕಡಿಸುತ್ತಾರೆ. ಆ ಊರಿನ ಧನುರ್ಮಾಸದ ರುಚಿ ಇರುವುದೇ ಹಗಲಲ್ಲಿ, ಅದೂ ಹೆಚ್ಚಿನ ಕಡೆ ಪುಕ್ಕಟೆ.

ಮೊದಲು ಉಳಿಯುವ ಜಾಗ. ಸೆಂಟ್ರಲ್ ಸ್ಟೇಷನ್ ಹತ್ತಿರ ಬೇಡ. ಮೈಲಾಪುರ, ಆಳ್ವಾರ್‌ಪೇಟೆ, ರಾಯಪೇಟೆ, ಈ ಮೂರರಲ್ಲಿ ಒಂದು ಕಡೆ ರೂಮ್ ಮಾಡಿ. ಕಚೇರಿ ನಡೆಸುವ ಸಂಸ್ಥೆಗಳಿಗೆ ಅಲ್ಲಿ ಸಭಾ ಅನ್ನುತ್ತಾರೆ; ಅವುಗಳಲ್ಲಿ ಮ್ಯೂಸಿಕ್ ಅಕಾಡೆಮಿ, ನಾರದ ಗಾನ ಸಭಾ ಎರಡೂ ಟಿಟಿಕೆ ರಸ್ತೆಯಲ್ಲೇ ಇವೆ. ಕಚೇರಿ ನಡೆಯುವ ಇನ್ನೊಂದು ಜಾಗ ಭಾರತೀಯ ವಿದ್ಯಾ ಭವನ ಇರುವುದು ಮೈಲಾಪುರದ ಕಪಾಲೀಶ್ವರ ದೇವಸ್ಥಾನದ ಸುತ್ತಲಿನ ಮಾಡ ಬೀದಿಯಲ್ಲಿ. ಅಕಾಡೆಮಿಯ ಕಚೇರಿಗಳು ಡಿಸೆಂಬರ್ 15ರ ಆಸುಪಾಸಿನಿಂದ ಜನವರಿ 1ರವರೆಗೆ. ಕ್ರಿಸ್‌ಮಸ್ ರಜೆಯ ರೈಲು ಟಿಕೆಟ್ ಬೇಗ ಮುಗಿಯುತ್ತದೆ, ಅದನ್ನು ಹೇಳಬೇಕಾಗಿಲ್ಲ ಅಲ್ವಾ?

ಬೆಳಿಗ್ಗೆ ಬೇಗ ಎದ್ದು ಮಾಡ ಬೀದಿಗೆ ಹೋಗಿ. ಧನುರ್ಮಾಸದಲ್ಲಿ ಅಲ್ಲಿ ಭಜನೆ ಗೋಷ್ಠಿ ಹೊರಡುತ್ತದೆ, ವಾಗ್ಗೇಯಕಾರ ಪಾಪನಾಶಂ ಶಿವನ್ ನಡೆಸಿಕೊಂಡು ಬಂದಿದ್ದ ಪದ್ಧತಿ ಅದು. ಆಮೇಲೆ ತಿಂಡಿ. ಅರುಂಡೇಲ್ ಬೀದಿಯ ರಾಯರ್ಸ್ ಮೆಸ್ ಚಿಕ್ಕ ಜಾಗ, ಸ್ವಲ್ಪ ಕಾಯಬೇಕಾಗಬಹುದು. ಇಡ್ಲಿ, ಗಟ್ಟಿ ಚಟ್ನಿ ತಿನ್ನಿ, ಬೇಕಿದ್ದರೆ ಒಂದು ವಡೆ. ಪೊಂಗಲ್ ಬೇಡ. ತುಪ್ಪ ಸುರಿಸಿದ ಪೊಂಗಲ್ ತಿಂದು ಕಚೇರಿಗೆ ಹೋದವರು ಶುರುವಿನಲ್ಲಿ ಹಾಡುವ ವರ್ಣ ಮುಗಿಯುವುದರೊಳಗೆ ನಿದ್ದೆ ಹೋಗಿರುತ್ತಾರೆ. ಆಸೆಯಾದರೆ ವಾಪಸ್ ಬರುವ ದಿನ ತಿನ್ನಿ.

ಅಕಾಡೆಮಿಯಲ್ಲಿ ಬೆಳಿಗ್ಗೆ ಎಂಟರ ಸುಮಾರಿಗೆ ಉಪನ್ಯಾಸ ಪ್ರಾತ್ಯಕ್ಷಿಕೆ, ಅಂದರೆ ಹಾಡಿ ನುಡಿಸಿ ತೋರಿಸುತ್ತ ಸಂಗೀತ ವಿವರಿಸುವ ಭಾಷಣ, ಇರುತ್ತದೆ. ಉಚಿತ. ಆ ವರ್ಷ ಅಕಾಡೆಮಿಯ ಸಂಗೀತ ಕಲಾನಿಧಿ ಪ್ರಶಸ್ತಿಗೆ ಆಯ್ಕೆಯಾದವರೇ ಅಧ್ಯಕ್ಷತೆ ವಹಿಸುತ್ತಾರೆ. ಸಂಜೆ ಟಿಕೆಟ್ ಸಿಗದ ದೊಡ್ಡವರು ಇಲ್ಲಿ ಕೈಗೆಟುಕುವ ದೂರದಲ್ಲಿ ಕೂತಿರುತ್ತಾರೆ.

ಈಗ ನಿಜವಾದ ಕಷ್ಟ: ಹನ್ನೊಂದರಿಂದ ಮೂರು ಗಂಟೆ. ಸಭಾ ಕ್ಯಾಂಟೀನಿನ ಬಾಳೆಲೆ ಊಟವೂ ಬೇಕು, ಮಧ್ಯಾಹ್ನದ ಕಚೇರಿಯೂ ಬೇಕು. ಎಲ್ಲರೂ ಎಡವುವುದು ಇಲ್ಲೇ. ಹನ್ನೊಂದೂವರೆಗೆ ಗಡದ್ದಾಗಿ ಉಂಡು ಹನ್ನೆರಡರ ಕಚೇರಿಗೆ ಹೋಗುತ್ತಾರೆ, ಆಮೇಲೆ ಗೊರಕೆ. ಹೀಗೆ ಮಾಡಿ. ಕಚೇರಿಗೆ ಮೊದಲೇ ಕ್ಯಾಂಟೀನಿಗೆ ಹೋಗಿ ಊಟ ಎಷ್ಟು ಗಂಟೆಯವರೆಗೆ ಅಂತ ಕೇಳಿಕೊಳ್ಳಿ, ಕೂಪನ್ ಕೊಟ್ಟರೆ ಆಗಲೇ ತಗೊಳ್ಳಿ. ಒಂದು ಕಾಫಿ ಕುಡಿದು ಹಾಲ್‌ಗೆ ಬನ್ನಿ. ಹನ್ನೆರಡರ ಕಚೇರಿಯನ್ನು ಖಾಲಿ ಹೊಟ್ಟೆಯಲ್ಲೇ ಪೂರ್ತಿ ಕೇಳಿ. ಊಟ ಆಮೇಲೆ. ಎರಡು ಗಂಟೆಯ ಕಚೇರಿ ಬಿಟ್ಟುಬಿಡಿ, ನಾಲ್ಕರದ್ದಕ್ಕೆ ಬನ್ನಿ. ದಿನಕ್ಕೆ ನಾಲ್ಕು ಕಚೇರಿ ಕೇಳುತ್ತೇನೆ ಅನ್ನುವವರಿಗೆ ಸಂಜೆ ಹೊತ್ತಿಗೆ ಯಾವ ರಾಗ ಎಲ್ಲಿ ಕೇಳಿದ್ದು ಅಂತಲೂ ನೆನಪಿರುವುದಿಲ್ಲ.

ಎಲೆ ಮುಂದೆ ಕೂತಾಗ ಒಂದು ವಿಷಯ. ನಮ್ಮಲ್ಲಿ ಸಾರು ಮೊದಲು, ಹುಳಿ ಆಮೇಲೆ. ಅಲ್ಲಿ ಸಾಂಬಾರು ಮೊದಲು, ರಸಂ ಆಮೇಲೆ. ರಸಂ ಮರೆತರು ಅಂದುಕೊಂಡು ಸಾಂಬಾರಿಗೇ ಎರಡು ಸಲ ಅನ್ನ ಹಾಕಿಸಿಕೊಂಡರೆ ಹುಣಸೆಹಣ್ಣಿನ ಗಟ್ಟಿ ಹುಳಿಯಾದ ವತ್ತಕುಳಂಬಿಗೆ ಜಾಗವಿರಲ್ಲ, ರಸಂಗೂ ಇರಲ್ಲ. ಸಾಂಬಾರಿಗೆ ಬೆಲ್ಲ ಇರುವುದಿಲ್ಲ, ಅದಕ್ಕೆ ಮುಖ ಸಿಂಡರಿಸಬೇಡಿ. ಬಡಿಸುವವರು ಸರಸರ ಬರುತ್ತಾರೆ. ಸಾಕು ಅನಿಸಿದರೆ ಎಲೆ ಮೇಲೆ ಕೈ ಅಡ್ಡ ಹಿಡಿಯಿರಿ. ಊಟ ಸಾಮಾನ್ಯ ಮೆಸ್‌ಗಿಂತ ದುಬಾರಿ, ಹಾಗಾಗಿ ಪ್ರವಾಸದಲ್ಲಿ ಒಂದೇ ದಿನ ಸಾಕು. ಬೇರೆ ದಿನ ಸಂಜೆಯ ತಿಂಡಿಗೆ ಹೋಗಿ, ಅಡೈ ಅವಿಯಲ್ (ಬೇಳೆಗಳ ದಪ್ಪ ದೋಸೆ, ಜೊತೆಗೆ ತೆಂಗಿನಕಾಯಿ ಹಾಕಿದ ತರಕಾರಿ ಪಲ್ಯ) ಸಿಕ್ಕರೆ ಬಿಡಬೇಡಿ. ಬಾಳೆಹೂವಿನ ವಡೆ ಇದ್ದರೆ ಅದನ್ನೂ. ಬಿಸಿಲು ಜಾಸ್ತಿಯಾದರೆ ದಕ್ಷಿಣ ಮಾಡ ಬೀದಿಯ ಕಾಳತಿ ಅಂಗಡಿಯ ರೋಸ್ ಮಿಲ್ಕ್.

ಕಾರಲ್ಲಿ ಹೋಗುವವರಿಗೆ ಒಂದು ಮಾತು: ಹೆದ್ದಾರಿಯಲ್ಲಿ ಹಿತ್ತಾಳೆ ಲೋಟದ ಚಿತ್ರ ಹಾಕಿ 'ಕುಂಭಕೋಣಂ ಡಿಗ್ರಿ ಕಾಫಿ' ಅಂತ ಬೋರ್ಡ್ ಹಾಕಿರುತ್ತಾರಲ್ಲ, ಅದನ್ನು ನಂಬಿ ಕಾರು ನಿಲ್ಲಿಸಬೇಡಿ. ಎಷ್ಟೋ ಕಡೆ ಹಿತ್ತಾಳೆ ಮಾತ್ರ ನಿಜ.

ಇನ್ನು ಕಚೇರಿ ಆರಿಸುವುದು. ಹಗಲಲ್ಲಿ ಹಾಡುವವರು ಹೆಚ್ಚಾಗಿ ಕಿರಿಯರು, ಹೆಸರು ಗೊತ್ತಿರುವುದಿಲ್ಲ. ಪಟ್ಟಿಯಲ್ಲಿ ಪಿಟೀಲು, ಮೃದಂಗ ಯಾರದ್ದು ನೋಡಿ. ಆ ಹೆಸರು ಗೊತ್ತಿದ್ದರೆ ಧೈರ್ಯವಾಗಿ ಹೋಗಿ. ಸೀಸನ್ ಪಾಸ್ ಕೊಳ್ಳಬೇಡಿ, ಎರಡು ಮೂರು ದಿನಕ್ಕೆ ಬರುವವರಿಗೆ ಅದು ದಂಡ. ಶಾಲು ಇರಲಿ, ಹಾಲ್ ಒಳಗೆ ಚಳಿ. ಛತ್ರಿಯೂ ಇರಲಿ, ಹಿಂಗಾರು ಮಳೆ ಡಿಸೆಂಬರ್‌ನಲ್ಲೂ ಬರುತ್ತದೆ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಬೇಡಿ.

ತನಿ ಆವರ್ತನ, ಅಂದರೆ ಹಾಡು ನಿಂತು ಮೃದಂಗದಂಥ ತಾಳವಾದ್ಯ ಮಾತ್ರ ನುಡಿಸುವ ಭಾಗ, ಶುರುವಾದ ತಕ್ಷಣ ಕ್ಯಾಂಟೀನಿಗೆ ಓಡುವ ಅಭ್ಯಾಸ ಅಲ್ಲಿಯವರಿಗೇ ಇದೆ. ನೀವು ಕಲಿಯಬೇಡಿ. ಹಗಲು ಕಚೇರಿಯಲ್ಲಿ ಇರುವುದೇ ಕಡಿಮೆ ಜನ, ಅದರಲ್ಲಿ ಹತ್ತು ಜನ ಎದ್ದರೆ ಮೃದಂಗದ ಹುಡುಗನಿಗೆ ಹೇಗಾಗಬೇಡ? ನಿಮಗೂ ನಷ್ಟ. ಪುರಂದರದಾಸರ ದೇವರನಾಮ ಹಾಡುವುದು ಸಾಮಾನ್ಯವಾಗಿ ತನಿ ಮುಗಿದ ಮೇಲೆ. ಬೆಂಗಳೂರಿಂದ ಅಷ್ಟು ದೂರ ಹೋಗಿ, ಕನ್ನಡದ ಹಾಡು ಬರುವ ಹೊತ್ತಿಗೆ ಹೊರಗೆ ಕಾಫಿಗೆ ಕ್ಯೂ ನಿಂತಿರುತ್ತೀರಿ. ಏಳಲೇಬೇಕಾದರೆ ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಮೊದಲು ಏಳಿ, ಅದಕ್ಕೆ ಸುಲಭವಾಗಲಿ ಅಂತ ಸಾಲಿನ ಅಂಚಿನ ಸೀಟೇ ಹಿಡಿಯಿರಿ.