ನಾಕಾಬಂದಿಯಲ್ಲಿ ಗಾಡಿಗೆ ಅಡ್ಡ ನಿಲ್ಲುವುದನ್ನು ಬಿಟ್ಟ ಮೇಲೆ

ಕೊಪ್ಪಳ ಜಿಲ್ಲೆಯ ಕಾರಟಗಿ ಕಡೆ ನಾವು ಪೊಲೀಸರು ರಾತ್ರಿ ಗಾಡಿ ತಡೆದು ತಪಾಸಣೆ ಮಾಡುವ ನಾಕಾಬಂದಿಯಲ್ಲಿ ಯಾರೂ ಗಾಡಿ ಮುಂದೆ ನಿಲ್ಲಬಾರದು ಅಂತ ನಾನು ಪಟ್ಟು ಹಿಡಿದಾಗ ಜೊತೆಯವರು ಯಾರೂ ಒಪ್ಪಲಿಲ್ಲ. "ಸಾಹೇಬ್ರ, ಹಿಂಗ ಸೈಡಿಗೆ ನಿಂತ್ರ ಒಂದ್ ಗಾಡೀನೂ ನಿಲ್ಲಂಗಿಲ್ರಿ" ಅಂದರು ನಮ್ಮ ಹಿರಿಯ ಎಚ್‌ಸಿ (ಹೆಡ್ ಕಾನ್‌ಸ್ಟೆಬಲ್). ಅದಾಗಿ ಎರಡು ಭತ್ತದ ಸುಗ್ಗಿ ಕಳೆದಿವೆ. ಗಾಡಿಗಳು ನಿಲ್ಲುತ್ತಿವೆ, ನಮ್ಮ ಹುಡುಗರಲ್ಲಿ ಒಬ್ಬರಿಗೂ ಪೆಟ್ಟಾಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವ ಟಿಪ್ಪರ್ ಸೆಕೆಂಡಿಗೆ ಸುಮಾರು 17 ಮೀಟರ್ ದಾಟುತ್ತದೆ. ಡಿಮ್ ಲೈಟಿನಲ್ಲಿ ಡ್ರೈವರ್‌ಗೆ ಖಾಕಿ ಕಾಣುವುದು 40 ಮೀಟರ್ ಹತ್ತಿರ ಬಂದಾಗ. ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ 25 ಮೀಟರ್ ಮುಗಿದಿರುತ್ತದೆ. ಉಳಿದ 15 ಮೀಟರಿನಲ್ಲಿ ಲೋಡ್ ಗಾಡಿ ನಿಲ್ಲುವುದಿಲ್ಲ, ಡ್ರೈವರ್ ಎಷ್ಟೇ ಒಳ್ಳೆಯವನಿರಲಿ. ಮರಳಿನ ಟ್ರ್ಯಾಕ್ಟರ್ ಇನ್ನೂ ಅಪಾಯ. ಟ್ರಾಲಿಗಳಿಗೆ ಸಾಮಾನ್ಯವಾಗಿ ಬ್ರೇಕೇ ಇರುವುದಿಲ್ಲ, ಮುಂದೆ ಬ್ರೇಕ್ ಹಾಕಿದರೂ ಹಿಂದಿನ ಭಾರ ನೂಕಿಕೊಂಡು ಬರುತ್ತದೆ. ಪಿಸ್ತೂಲು ಇದೆಯಲ್ಲ ಅನ್ನುವವರಿಗೆ ಒಂದೇ ಮಾತು: ಗುಂಡು ಡ್ರೈವರ್‌ಗೆ ಬಿದ್ದರೂ ಗಾಡಿ ಬರುತ್ತಲೇ ಇರುತ್ತದೆ. ಆ ಕ್ಷಣದಲ್ಲಿ ಕೂತು ಯೋಚಿಸಲು ಆಗುವುದಿಲ್ಲ ಅಲ್ವಾ? ಹಾಗಾಗಿ ಡ್ಯೂಟಿಗೆ ಹೊರಡುವ ಮೊದಲೇ ತೀರ್ಮಾನ ಮಾಡಿಕೊಂಡೆವು. ನಿಲ್ಲದ ಗಾಡಿಗೆ ದಾರಿ ಬಿಡಬೇಕು, ನಂಬರ್ ಓದಬೇಕು, ವೈರ್‌ಲೆಸ್‌ನಲ್ಲಿ ಹೇಳಬೇಕು.

ಬ್ಯಾರಿಕೇಡ್ ಸರಿಹೋಗಲು ಜಾಸ್ತಿ ದಿನ ಹಿಡಿಯಿತು. ರಸ್ತೆಗೆ ಅಡ್ಡ ಸಾಲಾಗಿ ಇಟ್ಟರೆ ಗುದ್ದಿಕೊಂಡೇ ಹೋಗುತ್ತಾರೆ, ಹಾರಿದ ಬ್ಯಾರಿಕೇಡ್ ನಮ್ಮ ಮೇಲೇ ಬೀಳುತ್ತದೆ. ಸುಣ್ಣ ಬಳಿದ ಕಲ್ಲುಗಳನ್ನು ಇಟ್ಟು ನೋಡಿದೆವು. ಧೂಳು ಕೂತ ಮೇಲೆ ಅವು ಬೈಕಿನವರಿಗೆ ಕಾಣುವುದೇ ಇಲ್ಲ, ತೆಗೆಸಿಬಿಟ್ಟೆ. ಕೊನೆಗೆ ಹಳೆಯ ಡಾಂಬರ್ ಡ್ರಮ್ ತಂದೆವು. ಒಂದಕ್ಕೆ ಮುನ್ನೂರು, ನಾನೂರು ಇರಬೇಕು. ಒಳಗೆ ಏನೂ ತುಂಬಲಿಲ್ಲ, ತಾಗಿದರೆ ಉರುಳಿ ಹೋಗಲಿ ಅಂತ. ಹೊಳೆಯುವ ಟೇಪು, ಮಿಣುಕು ದೀಪ ಎಲ್ಲಾ ಸೇರಿ ಏಳೆಂಟು ಸಾವಿರ ಆಯಿತು, ಅರ್ಧ ನನ್ನ ಜೇಬಿನದು.

ಡ್ರಮ್ಮಿನ ಮೊದಲ ಸಾಲು ಎಡಕ್ಕೆ, ಹದಿನೈದಿಪ್ಪತ್ತು ಮೀಟರ್ ಬಿಟ್ಟು ಎರಡನೆಯದು ಬಲಕ್ಕೆ. ಸ್ಟೇರಿಂಗ್ ಎರಡು ಸಲ ತಿರುಗಿಸಲೇಬೇಕು, ವೇಗ ತಾನಾಗಿಯೇ ಇಪ್ಪತ್ತಕ್ಕೆ ಇಳಿಯುತ್ತದೆ. ಮೊದಲ ದೀಪ ನೂರೈವತ್ತು ಮೀಟರ್ ಮುಂಚೆಯೇ ಇರಬೇಕು. ಜೀಪನ್ನು ರಸ್ತೆ ಬದಿ ಓರೆಯಾಗಿ ನಿಲ್ಲಿಸಿ, ನಮ್ಮವರು ಇಲ್ಲದ ಕಡೆಗೆ ಚಕ್ರ ತಿರುಗಿಸಿಡುತ್ತೇವೆ. ಯಾರಾದರೂ ಗುದ್ದಿದರೆ ಜೀಪು ಹೊಲಕ್ಕೆ ಹೋಗಬೇಕು, ನಮ್ಮ ಮೇಲೆ ಬರಬಾರದು.

ಮಧ್ಯೆ ಒಂದು ಪ್ರಯೋಗ ಮಾಡಿದೆ. ಸಂಡೂರು ಗಣಿ ಕಡೆಯಿಂದ ಕನ್ವೇಯರ್ ಬೆಲ್ಟಿನ ತುಂಡು ತರಿಸಿ ಉಬ್ಬಿನಂತೆ ಹಾಸಿದೆವು. ಟೈರು ಏರಿದರೆ ದಡಬಡ ಸದ್ದು, ನಿದ್ದೆಗಣ್ಣಿನ ಡ್ರೈವರೂ ಎಚ್ಚರ ಆಗುತ್ತಿದ್ದ. ಆದರೆ ಭಾರದ ಲಾರಿ ಹೋದರೆ ಜಾರಿ ಒಂದು ಕಡೆ ಗುಪ್ಪೆಯಾಗುತ್ತಿತ್ತು. ಮೊಳೆ ಹೊಡೆದರೆ ರಸ್ತೆ ಕೆಡುತ್ತದೆ. ಅದನ್ನು ಬಿಟ್ಟೆವು.

ಗಾಡಿ ನಿಂತ ಮೇಲೂ ಎಚ್ಚರ ಬೇಕು. ಮೊದಲು ಎಂಜಿನ್ ಆಫ್, ಕೀ ಡ್ಯಾಶ್‌ಬೋರ್ಡ್ ಮೇಲೆ. ಲಾರಿಯ ಎಡ ಮೂಲೆ ಡ್ರೈವರ್‌ಗೆ ಕಾಣುವುದಿಲ್ಲ, ಅಲ್ಲಿಗೆ ನಾವು ಹೋಗುವುದಿಲ್ಲ. ಕ್ಲೀನರ್ ಕೆಳಗಿಳಿದು ಕಾಗದ ತರುತ್ತಾನೆ. ಎರಡು ಗಾಡಿಗಳ ನಡುವೆ ಯಾರೂ ನುಗ್ಗುವಂತಿಲ್ಲ, ಸಿಪಿಐ (ಸರ್ಕಲ್ ಇನ್‌ಸ್ಪೆಕ್ಟರ್) ಸಾಹೇಬರು ಬಂದರೂ ಇದೇ ನಿಯಮ. ಹುಡುಗರಿಗೆ ನಾನು ಹೇಳಿಕೊಟ್ಟಿದ್ದು, ಡ್ರೈವರ್ ಮುಖ ನೋಡಬೇಡಿ, ಮುಂದಿನ ಚಕ್ರ ನೋಡಿ ಅಂತ. ಕೈಮುಗಿಯುತ್ತಲೇ ಗಾಡಿ ತಿರುಗಿಸುವವರಿದ್ದಾರೆ. ಚಕ್ರ ಹೊರಳಿದರೆ ಗೊತ್ತಾಗಿಬಿಡುತ್ತದೆ.

ತಪ್ಪಿಸಿಕೊಂಡು ಹೋದವರ ಕಥೆ? ಹತ್ತರಲ್ಲಿ ಏಳೆಂಟು ಗಾಡಿ ಮುಂದೆ ಸಿಂಧನೂರು ಕಡೆಗೋ ಹಿಂದೆ ಗಂಗಾವತಿ ಕಡೆಗೋ ಸಿಕ್ಕವು. ಉಳಿದವುಗಳಲ್ಲಿ ಕೆಲವರ ಮನೆಗೆ ಮರುದಿನ ನಂಬರ್ ಹಿಡಿದು ಹೋದೆವು. ಮುಂದಿನ ಠಾಣೆಯವರನ್ನು ಎಲ್ಲಿ ನಿಲ್ಲಿಸುತ್ತೇವೆ, ಯಾವ ಗಾಡಿ ಓಡುತ್ತದೆ ಅಂತ ದೂರದಿಂದಲೇ ಹೇಗೆ ಗುರುತಿಸುತ್ತೇವೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಇಲಾಖೆಯವರು ಬಂದು ಕೇಳಿದರೆ ನಿಂತು ತೋರಿಸುತ್ತೇನೆ. ಆ ಹಿರಿಯ ಎಚ್‌ಸಿ ಈಗ ಹೊಸ ಕಾನ್‌ಸ್ಟೆಬಲ್‌ಗಳಿಗೆ ತಾವೇ ಡ್ರಮ್ ಜೋಡಿಸಿ ಕಲಿಸುತ್ತಿದ್ದಾರೆ.

ಉಳಿದಿರುವ ತಲೆನೋವು ಮಿಣುಕು ದೀಪಗಳದ್ದು. ಸೆಲ್ಲು ಬೆಳಗಿನ ನಾಲ್ಕರ ಹೊತ್ತಿಗೆ ಸತ್ತುಹೋಗುತ್ತದೆ, ಡ್ರೈವರ್‌ಗಳಿಗೆ ತೂಕಡಿಕೆ ಜಾಸ್ತಿ ಬರುವುದೂ ಆಗಲೇ. ಹಳೆಯ ಬೈಕ್ ಬ್ಯಾಟರಿಗೆ ಜೋಡಿಸಿ ನೋಡುತ್ತಿದ್ದೇನೆ, ಒಂದೇ ಬ್ಯಾಟರಿಯಲ್ಲಿ ನಾಲ್ಕು ದೀಪ ಬೆಳಗಿನವರೆಗೆ ಉರಿಯುತ್ತಿವೆ.